ವಲ್ಕನ್ ಪ್ರೋಗ್ರಾಮನ್ನು ಮ್ಯಾಕ್‌ನಲ್ಲಿ ಓಡಿಸುವ ಬಗೆ

ಲ್ಯಾಬಿನ ಉಬುಂಟು ಯಂತ್ರದಲ್ಲಿ ಸಲೀಸಾಗಿ ಓಡುವ ವಲ್ಕನ್ ಪ್ರೋಗ್ರಾಮು ಗೆಳೆಯರ ಮ್ಯಾಕ್‌ಬುಕ್‌ನಲ್ಲಿ ಒಂದು ವಿಂಡೋವನ್ನೂ ತೆರೆಯದೆ ನಿಂತುಬಿಡುತ್ತದೆ, ಏನು ಮಾಡಬೇಕು ಎಂಬ ಪ್ರಶ್ನೆ ಹಾಸನ ಮತ್ತು ಚಿಕ್ಕಮಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಂದ ಪದೇ ಪದೇ ಬರುತ್ತಿದೆ. ಕೊನೆಯ ವರ್ಷದ ಪ್ರಾಜೆಕ್ಟ್ ಒಪ್ಪಿಸುವ ದಿನಗಳಲ್ಲಂತೂ ವಾರಕ್ಕೊಮ್ಮೆಯಾದರೂ ಬರುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಇಡೀ ಕೆಲಸವನ್ನು ಒಂದೇ ಕಡೆ ಬರೆದಿಡುವುದು ಒಳ್ಳೆಯದೆಂದು ಈ ಮಾರ್ಗದರ್ಶಿಯನ್ನು ಸಿದ್ಧಪಡಿಸಿದ್ದೇನೆ. ನಿಮಗೆ ಸಿ ಅಥವಾ ಸಿ++ ಓದಲು ಬರುತ್ತದೆ, ವಲ್ಕನ್‌ನಲ್ಲಿ ಒಂದು ತ್ರಿಕೋನವನ್ನಾದರೂ ತೆರೆಯ ಮೇಲೆ ಮೂಡಿಸಿದ್ದೀರಿ ಎಂದು ಭಾವಿಸಿ ಬರೆದಿದ್ದೇನೆ. ಮ್ಯಾಕ್‌ನ ಪರಿಚಯ ಇರಬೇಕಾಗಿಲ್ಲ.

ಮೊದಲೇ ಒಂದು ಸೂಚನೆ. ಫಂಕ್ಷನ್‌ಗಳು, ಕಡತಗಳು, ಎಕ್ಸ್‌ಟೆನ್ಶನ್‌ಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇನೆ. ಕೋಡ್ ಬರೆಯುವಾಗ ವಲ್ಕನ್‌ನ ಹೆಡರ್ ಕಡತದಲ್ಲಿರುವ ರೂಪವನ್ನೇ ನಕಲು ಮಾಡಿಕೊಳ್ಳಿ. ಕಿವಿಗೆ ಬಿದ್ದಂತೆ ಟೈಪ್ ಮಾಡಿದರೆ ಕಂಪೈಲರ್ ಒಪ್ಪುವುದಿಲ್ಲ.

ತೊಡಕು ಎಲ್ಲಿದೆ

ವಲ್ಕನ್ ಎನ್ನುವುದು ಪ್ರೋಗ್ರಾಮಿಗೂ ಗ್ರಾಫಿಕ್ಸ್ ಚಿಪ್ಪಿಗೂ ನಡುವಿನ ವ್ಯವಹಾರಕ್ಕೆ ರೂಪಿಸಿದ ಮುಕ್ತ ನಿಯಮಾವಳಿ. ಕ್ರೋನೋಸ್ ಗ್ರೂಪ್ ಎಂಬ ಉದ್ಯಮ ಒಕ್ಕೂಟವು 2016ರ ಫೆಬ್ರುವರಿಯಲ್ಲಿ ಇದರ ಮೊದಲ ಆವೃತ್ತಿಯನ್ನು ಹೊರತಂದಿತು. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್‌ಗಳಲ್ಲಿ ಚಿಪ್ ತಯಾರಕರೇ ಇದಕ್ಕೆ ಡ್ರೈವರ್ ಒದಗಿಸುತ್ತಾರೆ. ಆ್ಯಪಲ್ ಒದಗಿಸುವುದಿಲ್ಲ. ಆ ಕಂಪನಿಯು 2014ರಲ್ಲಿ ಐಫೋನ್‌ಗೂ 2015ರಲ್ಲಿ ಮ್ಯಾಕ್‌ಗೂ ಮೆಟಲ್ ಎಂಬ ತನ್ನದೇ ವ್ಯವಸ್ಥೆಯನ್ನು ತಂದಿತು. ಹಳೆಯ ಓಪನ್‌ಜಿಎಲ್ ಅನ್ನು ಮ್ಯಾಕ್‌ನಲ್ಲಿ 4.1ನೇ ಆವೃತ್ತಿಯಿಂದ ಮುಂದಕ್ಕೆ ಒಯ್ಯಲೇ ಇಲ್ಲ. 2018ರಲ್ಲಿ ಮೊಹಾವಿ ಆವೃತ್ತಿಯೊಂದಿಗೆ ಅದನ್ನು ಕೈಬಿಡಬೇಕಾದವುಗಳ ಪಟ್ಟಿಗೆ ಸೇರಿಸಿತು.

ಅಡ್ಡಿ ಇರುವುದು ಚಿಪ್ಪಿನಲ್ಲಿ ಅಲ್ಲ. ಅದೇ ಎಂ1 ಚಿಪ್ಪಿನ ಮೇಲೆ ಲಿನಕ್ಸ್ ಹಾಕಿಕೊಂಡರೆ ಹನಿಕ್ರಿಸ್ಪ್ ಎಂಬ ಮುಕ್ತ ಡ್ರೈವರ್ ಸಿಗುತ್ತದೆ; ಅದು 2024ರಲ್ಲಿಯೇ ವಲ್ಕನ್ 1.3ರ ಅನುಸರಣಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ. ಮ್ಯಾಕ್ ಓಎಸ್ ಒಳಗೆ ಮಾತ್ರ ಗ್ರಾಫಿಕ್ಸ್ ಚಿಪ್ಪಿಗೆ ಇರುವ ಬಾಗಿಲು ಮೆಟಲ್ ಒಂದೇ. ಆದ್ದರಿಂದ ವಲ್ಕನ್ ಕರೆಗಳನ್ನು ಮೆಟಲ್ ಕರೆಗಳಾಗಿ ಅನುವಾದಿಸುವ ಒಂದು ಪದರವನ್ನು ನಡುವೆ ಕೂರಿಸಬೇಕಾಗುತ್ತದೆ. ಆ ಪದರದ ಹೆಸರು ಮೋಲ್ಟನ್‌ವಿಕೆ. ಬ್ರೆನ್‌ವಿಲ್ ವರ್ಕ್‌ಶಾಪ್ ಎಂಬ ಸಂಸ್ಥೆ ಹಣಕ್ಕೆ ಮಾರುತ್ತಿದ್ದ ಈ ತಂತ್ರಾಂಶವು ವಾಲ್ವ್ ಕಂಪನಿಯ ನೆರವಿನಿಂದ 2018ರ ಫೆಬ್ರುವರಿಯಲ್ಲಿ ಅಪಾಚೆ 2.0 ಪರವಾನಗಿಯಡಿ ಮುಕ್ತವಾಯಿತು. ಅದೇ ವರ್ಷ ಡೋಟಾ 2 ಆಟವು ಮ್ಯಾಕ್‌ನಲ್ಲಿ ಇದರ ಮೇಲೆ ಓಡತೊಡಗಿತು. 2025ರಲ್ಲಿ ಲೂನಾರ್‌ಜಿ ಸಂಸ್ಥೆಯು ಆ್ಯಪಲ್ ಚಿಪ್ಪಿನ ಮ್ಯಾಕ್‌ಗಳಿಗೆಂದು ಕಾಸ್ಮಿಕ್‌ಕ್ರಿಸ್ಪ್ ಎಂಬ ಇನ್ನೊಂದು ಪದರವನ್ನು ಪ್ರಕಟಿಸಿದೆ. ಇಂಟೆಲ್ ಚಿಪ್ಪಿನ ಹಳೆಯ ಮ್ಯಾಕ್‌ಗಳು ನಮ್ಮ ಕಡೆ ಇನ್ನೂ ಸಾಕಷ್ಟು ಬಳಕೆಯಲ್ಲಿರುವುದರಿಂದ ನಾನು ಇಲ್ಲಿ ಮೋಲ್ಟನ್‌ವಿಕೆಯನ್ನೇ ಹಿಡಿದಿದ್ದೇನೆ.

ನಡುವೆ ದುಭಾಷಿಯೊಬ್ಬ ಇದ್ದಾನೆ ಎಂಬುದನ್ನು ಮರೆಯದಿದ್ದರೆ ಮುಂದಿನ ಹಂತಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ. ಮೆಟಲ್‌ನಲ್ಲಿ ಸಾಟಿಯೇ ಇಲ್ಲದ ಸಂಗತಿಯನ್ನು ನೀವು ಕೇಳಿದರೆ ಅವನು ಅದನ್ನು ಸುತ್ತುಬಳಸಿ ಹೇಳಬೇಕು, ಇಲ್ಲವೇ ಆಗದು ಎನ್ನಬೇಕು. ಮ್ಯಾಕ್‌ಗೆ ಒಯ್ಯುವ ಕೆಲಸದ ಮುಕ್ಕಾಲು ಪಾಲು ಈ "ಆಗದು"ಗಳನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದರಲ್ಲಿಯೇ ಕಳೆಯುತ್ತದೆ.

ಉದಾಹರಣೆಗೆ ಒಂದೇ ಪ್ರೋಗ್ರಾಮನ್ನು ಉದ್ದಕ್ಕೂ ಇಟ್ಟುಕೊಳ್ಳೋಣ. ಹಾಸನದಿಂದ ಸುಮಾರು 30 ಕಿಲೋಮೀಟರ್ ದೂರದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ನೂರಾರು ಫೋಟೊಗಳಲ್ಲಿ ಸೆರೆಹಿಡಿದು, ಅವುಗಳಿಂದ ಬಣ್ಣಸಹಿತ ಬಿಂದುಗಳ ದೊಡ್ಡ ಸಮೂಹವನ್ನು ಕಟ್ಟಿ, ಅದನ್ನು ತಿರುಗಿಸಿ ನೋಡುವ, ಎರಡು ಕಡೆ ಕ್ಲಿಕ್ ಮಾಡಿ ಅಳತೆ ತೆಗೆಯುವ ಒಂದು ವೀಕ್ಷಕ ಪ್ರೋಗ್ರಾಮು ನಿಮ್ಮ ಬಳಿ ಇದೆ ಎಂದುಕೊಳ್ಳಿ. ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಇಂಥ ಪ್ರಾಜೆಕ್ಟುಗಳ ಬಗ್ಗೆ ಕೇಳುವವರು ಹೆಚ್ಚಾಗಿದ್ದಾರೆ.

ಹಂತ 1: ಬೇಕಾದುದನ್ನು ಕೂಡಿಸಿಕೊಳ್ಳಿ

ಒಂದು ಮ್ಯಾಕ್ ಬೇಕೇ ಬೇಕು. ಆ್ಯಪಲ್‌ನ ಕಮಾಂಡ್ ಲೈನ್ ಟೂಲ್‌ಗಳಿದ್ದರೆ ಕಂಪೈಲ್ ಮಾಡಬಹುದಾದರೂ ಒಂಬತ್ತನೇ ಹಂತದ ದೋಷಶೋಧನೆಗೆ ಆ್ಯಪಲ್‌ನ ಪ್ರೋಗ್ರಾಮಿಂಗ್ ತಂತ್ರಾಂಶವಾದ ಎಕ್ಸ್‌ಕೋಡ್ ಪೂರ್ತಿಯಾಗಿ ಅಗತ್ಯ. ಅದು ಹಲವು ಗಿಗಾಬೈಟ್ ತೂಗುತ್ತದೆ, ಹೀಗಾಗಿ ಕರೆಂಟು ಹೋಗದೆಂಬ ಭರವಸೆ ಇರುವ ರಾತ್ರಿಯೊಂದನ್ನು ನೋಡಿ ಡೌನ್‌ಲೋಡಿಗೆ ಹಾಕಿ. ಕಂಪೈಲ್ ಕೆಲಸವನ್ನು ಹೊಂದಿಸಿಕೊಡುವ ಸಿಮೇಕ್ ಬೇಕು. ವಿಂಡೋ ತೆರೆಯಲು ಜಿಎಲ್‌ಎಫ್‌ಡಬ್ಲ್ಯೂ ಅಥವಾ ಎಸ್‌ಡಿಎಲ್ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಲೂನಾರ್‌ಜಿ ಸಂಸ್ಥೆಯು ಉಚಿತವಾಗಿ ನೀಡುವ ಮ್ಯಾಕ್‌ನ ವಲ್ಕನ್ ಎಸ್‌ಡಿಕೆ, ಅಂದರೆ ಪ್ರೋಗ್ರಾಮು ಬರೆಯಲು ಬೇಕಾದ ಉಪಕರಣಗಳ ಕಟ್ಟು, ಬೇಕು. ಇದರಲ್ಲಿ ಮೂರು ಭಾಗಗಳನ್ನು ಗುರುತಿಟ್ಟುಕೊಳ್ಳಿ: ನಿಮ್ಮ ಪ್ರೋಗ್ರಾಮಿನ ಕರೆಗಳನ್ನು ಸ್ವೀಕರಿಸಿ ಸರಿಯಾದ ಡ್ರೈವರ್‌ಗೆ ಹಸ್ತಾಂತರಿಸುವ ಲೋಡರ್, ಅನುವಾದ ಮಾಡುವ ಮೋಲ್ಟನ್‌ವಿಕೆ, ಮತ್ತು ನಿಮ್ಮ ತಪ್ಪುಗಳನ್ನು ಎತ್ತಿ ತೋರಿಸುವ ಪರಿಶೀಲನಾ ಪದರ ಅಂದರೆ ವ್ಯಾಲಿಡೇಶನ್ ಲೇಯರ್.

ಮ್ಯಾಕ್‌ಗೆ ತಂತ್ರಾಂಶಗಳನ್ನು ಸ್ಥಾಪಿಸಿಕೊಡುವ ಹೋಮ್‌ಬ್ರೂ ಮೂಲಕವೂ ಇವೆಲ್ಲ ಸಿಗುತ್ತವೆ. ಹೊಸಬರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಆ್ಯಪಲ್ ಚಿಪ್ಪಿನ ಮ್ಯಾಕ್‌ಗಳಲ್ಲಿ ಹೋಮ್‌ಬ್ರೂ ತನ್ನ ಲೈಬ್ರರಿಗಳನ್ನು ಆಪ್ಟ್ ಫೋಲ್ಡರಿನ ಒಳಗೆ ಇಡುತ್ತದೆ, ವ್ಯವಸ್ಥೆಯು ಲೈಬ್ರರಿ ಹುಡುಕುವಾಗ ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ಎಲ್ಲವನ್ನೂ ಸರಿಯಾಗಿ ಸ್ಥಾಪಿಸಿದ್ದರೂ ಜಿಎಲ್‌ಎಫ್‌ಡಬ್ಲ್ಯೂ "ವಲ್ಕನ್ ಇಲ್ಲ" ಎನ್ನುತ್ತದೆ. ಜೊತೆಗೆ ಅಲ್ಲಿ ಸಿಗುವುದು ನಿಮ್ಮ ಯಂತ್ರದ ಚಿಪ್ಪಿಗೆ ಮಾತ್ರ ಹೊಂದುವ ಲೈಬ್ರರಿ. ಎಸ್‌ಡಿಕೆಯಲ್ಲಿರುವುದು ಇಂಟೆಲ್ ಮತ್ತು ಆ್ಯಪಲ್ ಚಿಪ್‌ಗಳೆರಡಕ್ಕೂ ಒಗ್ಗುವ ಜೋಡಿ ಲೈಬ್ರರಿ.

ಹಂತ 2: ಸ್ಥಾಪಿಸಿ, ನಿಮ್ಮ ಕೋಡನ್ನು ಮುಟ್ಟುವ ಮೊದಲೇ ಪರೀಕ್ಷಿಸಿ

ಎಸ್‌ಡಿಕೆಯನ್ನು ಸ್ಥಾಪಿಸುವಾಗ "ಇಡೀ ವ್ಯವಸ್ಥೆಗೆ ಸ್ಥಾಪಿಸು" ಎಂಬ ಆಯ್ಕೆ ಬರುತ್ತದೆ. ಅದನ್ನು ಗುರುತು ಮಾಡಿದರೆ ಅಭ್ಯಾಸದ ದಿನಗಳು ಸುಗಮವಾಗಿರುತ್ತವೆ ನಿಜ, ಆದರೆ ಹತ್ತನೇ ಹಂತದಲ್ಲಿ ಇದೇ ಸೌಕರ್ಯ ನಿಮ್ಮ ಕಣ್ಣಿಗೆ ಮಣ್ಣೆರಚುತ್ತದೆ: ಪ್ರೋಗ್ರಾಮಿನ ಜೊತೆ ಲೈಬ್ರರಿ ಸೇರಿಸಲು ಮರೆತಿದ್ದರೂ ನಿಮ್ಮ ಯಂತ್ರದಲ್ಲಿ ಅದು ಓಡುತ್ತಲೇ ಇರುತ್ತದೆ. ಆದ್ದರಿಂದ ಆ ಆಯ್ಕೆಯನ್ನು ಬಿಟ್ಟು, ಎಸ್‌ಡಿಕೆ ಫೋಲ್ಡರಿನಲ್ಲಿರುವ ಸೆಟಪ್-ಎನ್ವ್ ಎಂಬ ಸ್ಕ್ರಿಪ್ಟನ್ನು ಟರ್ಮಿನಲ್‌ನಲ್ಲಿ ಸೋರ್ಸ್ ಆದೇಶದಿಂದ ಓದಿಸಿ. ಪ್ರತಿ ಹೊಸ ಟರ್ಮಿನಲ್ ತೆರೆದಾಗಲೂ ಇದನ್ನು ಮಾಡಬೇಕು.

ಬಳಿಕ ಎಸ್‌ಡಿಕೆಯ ಜೊತೆಗೇ ಬರುವ ವಿಕೆಕ್ಯೂಬ್ ಅನ್ನು ಓಡಿಸಿ. ತಿರುಗುವ ಘನವೊಂದು ಕಂಡರೆ ಲೋಡರ್, ಅನುವಾದಕ, ಮೆಟಲ್ ಮೂರೂ ಒಂದಕ್ಕೊಂದು ಮಾತನಾಡುತ್ತಿವೆ ಎಂದರ್ಥ. ಅನಂತರ ವಲ್ಕನ್‌ಇನ್ಫೋ ಓಡಿಸಿ ಅದರ ಉದ್ದನೆಯ ವರದಿಯನ್ನು ಒಂದು ಕಡತದಲ್ಲಿ ಉಳಿಸಿಕೊಳ್ಳಿ. ಏಳನೇ ಹಂತದಲ್ಲಿ ಅದು ಬೇಕಾಗುತ್ತದೆ. ಘನವೇ ಕಾಣದಿದ್ದರೆ ನಿಮ್ಮ ಕೋಡಿನಲ್ಲಿ ತಪ್ಪು ಹುಡುಕುತ್ತ ಕೂರಬೇಡಿ.

ಎಕ್ಸ್‌ಕೋಡ್‌ನ ಒಳಗಿಂದ ಪ್ರೋಗ್ರಾಮು ಓಡಿಸುವವರು ಎಡವುವ ಜಾಗ ಒಂದಿದೆ. ಪರದೆಯಂಚಿನ ಐಕಾನ್ ಪಟ್ಟಿಯಾದ ಡಾಕ್‌ನಿಂದ ತೆರೆದ ಎಕ್ಸ್‌ಕೋಡ್‌ಗೆ ಟರ್ಮಿನಲ್‌ನಲ್ಲಿ ನೀವು ಹೊಂದಿಸಿದ ಪರಿಸರ ಚರಗಳು ತಿಳಿಯುವುದಿಲ್ಲ. ಅವುಗಳನ್ನು ಎಕ್ಸ್‌ಕೋಡ್‌ನ ಸ್ಕೀಮ್ ಹೊಂದಾಣಿಕೆಯಲ್ಲಿ ಮತ್ತೊಮ್ಮೆ ನಮೂದಿಸಬೇಕು. ಡಿವೈಎಲ್‌ಡಿ ಎಂದು ಆರಂಭವಾಗುವ ಚರಗಳದ್ದು ಬೇರೆಯೇ ಕಥೆ: ಶೆಲ್‌ನಂತಹ ರಕ್ಷಿತ ಪ್ರೋಗ್ರಾಮೊಂದು ನಡುವೆ ಬಂದರೆ ಮ್ಯಾಕ್ ಓಎಸ್ ಭದ್ರತೆಯ ಕಾರಣಕ್ಕೆ ಅವುಗಳನ್ನು ಸದ್ದಿಲ್ಲದೆ ಅಳಿಸಿಹಾಕುತ್ತದೆ.

ಹಂತ 3: ಇನ್‌ಸ್ಟನ್ಸ್ ರಚನೆಯ ಒಂದು ಬಿಟ್

ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಈ ಹಂತವೇ ಉತ್ತರ. ವಲ್ಕನ್ ಪ್ರೋಗ್ರಾಮಿನ ಮೊದಲ ಕರೆ ವಿಕೆ-ಕ್ರಿಯೇಟ್-ಇನ್‌ಸ್ಟನ್ಸ್. ಅದು ಮ್ಯಾಕ್‌ನಲ್ಲಿ ಋಣ 9 ಎಂಬ ಸಂಖ್ಯೆಯನ್ನು, ಅಂದರೆ "ಹೊಂದಿಕೆಯಾಗದ ಡ್ರೈವರ್" ಎಂಬ ದೋಷವನ್ನು, ಹಿಂದಿರುಗಿಸುತ್ತದೆ. ಡ್ರೈವರ್ ಹೊಂದಿಕೆಯಾಗುತ್ತಿಲ್ಲವೆಂದು ಎಸ್‌ಡಿಕೆಯನ್ನು ಮೂರು ಮೂರು ಸಲ ಅಳಿಸಿ ಸ್ಥಾಪಿಸಿದವರಿದ್ದಾರೆ. ಡ್ರೈವರ್ ಸರಿಯಾಗಿಯೇ ಇರುತ್ತದೆ.

ನಡೆಯುವುದು ಇಷ್ಟು. ಮೋಲ್ಟನ್‌ವಿಕೆಯಂತೆ ನಿಯಮಾವಳಿಯ ಕೆಲವು ಭಾಗಗಳನ್ನು ಪೂರೈಸಲಾಗದ ಡ್ರೈವರ್‌ಗಳನ್ನು ಪೋರ್ಟಬಿಲಿಟಿ ಡ್ರೈವರ್ ಎನ್ನುತ್ತಾರೆ. ಎಸ್‌ಡಿಕೆಯ 1.3.216ನೇ ಆವೃತ್ತಿಯಿಂದ ಈಚೆಗೆ ಲೋಡರ್ ಇಂಥ ಡ್ರೈವರ್‌ಗಳನ್ನು ಕೇಳದ ಹೊರತು ತೋರಿಸುವುದಿಲ್ಲ. ಕೇಳಲು ಎರಡು ಕೆಲಸ ಮಾಡಬೇಕು: ಇನ್‌ಸ್ಟನ್ಸ್ ಎಕ್ಸ್‌ಟೆನ್ಶನ್‌ಗಳ ಪಟ್ಟಿಗೆ ವಿಕೆ-ಕೆಎಚ್‌ಆರ್-ಪೋರ್ಟಬಿಲಿಟಿ-ಎನ್ಯೂಮರೇಶನ್ ಎಂಬುದನ್ನು ಸೇರಿಸಬೇಕು, ಮತ್ತು ಇನ್‌ಸ್ಟನ್ಸ್ ರಚನೆಯ ಫ್ಲ್ಯಾಗ್ಸ್ ಎಂಬ ಜಾಗದಲ್ಲಿ ಎನ್ಯೂಮರೇಟ್-ಪೋರ್ಟಬಿಲಿಟಿ ಬಿಟ್ಟನ್ನು ಇಡಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಪ್ರಯೋಜನವಿಲ್ಲ. 2022ಕ್ಕಿಂತ ಹಿಂದೆ ಬರೆದ ಪಾಠಗಳಲ್ಲಿ ಇದರ ಪ್ರಸ್ತಾಪವೇ ಇರುವುದಿಲ್ಲವಾದ್ದರಿಂದ ಅವುಗಳಿಂದ ನಕಲು ಮಾಡಿದ ಕೋಡೆಲ್ಲ ಇಲ್ಲಿ ಮುಗ್ಗರಿಸುತ್ತದೆ.

ಈ ಬಿಟ್ಟನ್ನು ಎಲ್ಲ ವೇದಿಕೆಗಳಿಗೂ ಕಣ್ಣುಮುಚ್ಚಿ ಇಡಬೇಡಿ. ಲಭ್ಯವಿರುವ ಎಕ್ಸ್‌ಟೆನ್ಶನ್‌ಗಳ ಪಟ್ಟಿಯನ್ನು ಮೊದಲು ಕೇಳಿ, ಮ್ಯಾಕ್‌ಗೆ ಕಂಪೈಲ್ ಮಾಡುವಾಗ ಮಾತ್ರ ಇಡಿ. ವಿಂಡೋಸ್‌ನಲ್ಲಿಯೂ ಇಟ್ಟರೆ ಅಲ್ಲಿನ ಅನುವಾದಕ ಡ್ರೈವರ್‌ಗಳು ಸಹ ನಿಮ್ಮ ಆಯ್ಕೆಯ ಪಟ್ಟಿಗೆ ನುಸುಳಬಹುದು.

ಹಂತ 4: ಡಿವೈಸ್ ರಚನೆ

ಇನ್‌ಸ್ಟನ್ಸ್ ಸಿಕ್ಕಿದ ಮೇಲೆ ಗ್ರಾಫಿಕ್ಸ್ ಡಿವೈಸಿನ ಎಕ್ಸ್‌ಟೆನ್ಶನ್ ಪಟ್ಟಿಯನ್ನು ಕೇಳಿ. ಅದರಲ್ಲಿ ವಿಕೆ-ಕೆಎಚ್‌ಆರ್-ಪೋರ್ಟಬಿಲಿಟಿ-ಸಬ್‌ಸೆಟ್ ಎಂಬ ಹೆಸರಿದ್ದರೆ ನೀವೂ ಅದನ್ನು ಸಕ್ರಿಯಗೊಳಿಸಲೇಬೇಕೆಂದು ನಿಯಮವಿದೆ. "ನಾನು ಅರ್ಧ ಡ್ರೈವರ್ ಎಂದು ಗೊತ್ತಿದ್ದೂ ನೀನು ಒಪ್ಪಿದ್ದೀಯ" ಎಂಬ ಸಹಿ ಇದು. ಸಕ್ರಿಯಗೊಳಿಸದಿದ್ದರೂ ಕೆಲವೊಮ್ಮೆ ಚಿತ್ರ ಮೂಡುತ್ತದೆ, ಪರಿಶೀಲನಾ ಪದರ ಮಾತ್ರ ಆಕ್ಷೇಪಿಸುತ್ತದೆ. ಆ ಆಕ್ಷೇಪವನ್ನು ಬದಿಗೆ ಸರಿಸಬೇಡಿ.

ಇದೇ ಎಕ್ಸ್‌ಟೆನ್ಶನ್‌ನ ಜೊತೆಗಿರುವ ಫೀಚರ್ಸ್ ರಚನೆಯನ್ನು ತುಂಬಿಸಿಕೊಂಡರೆ ನಿಯಮಾವಳಿಯ ಯಾವ ಭಾಗ ಇದೆ, ಯಾವುದು ಇಲ್ಲ ಎಂಬುದು ಒಂದೊಂದಾಗಿ ಹೌದು-ಅಲ್ಲಗಳಲ್ಲಿ ತಿಳಿಯುತ್ತದೆ. ಅದನ್ನು ಪ್ರೋಗ್ರಾಮಿನ ಆರಂಭದಲ್ಲಿಯೇ ಲಾಗ್‌ನಲ್ಲಿ ಬರೆಸಿ. ಇಲ್ಲದ ಫೀಚರನ್ನು ಡಿವೈಸ್ ರಚಿಸುವಾಗ ಕೇಳಿದರೆ ಋಣ 8 ಬರುತ್ತದೆ. ಬಹಳ ಮಂದಿ "ಇರಲಿ" ಎಂದು ಎಲ್ಲ ಫೀಚರ್‌ಗಳನ್ನೂ ಸಾರಾಸಗಟಾಗಿ ಕೇಳುವ ಅಭ್ಯಾಸ ಇಟ್ಟುಕೊಂಡಿರುತ್ತಾರೆ. ಅವರಿಗೆ ಮೊದಲ ದಿನವೇ ಈ ಸಂಖ್ಯೆಯ ದರ್ಶನವಾಗುತ್ತದೆ.

ಹಂತ 5: ವಿಂಡೋ ಮತ್ತು ರೆಟಿನಾ ಪರದೆ

ಜಿಎಲ್‌ಎಫ್‌ಡಬ್ಲ್ಯೂ ಬಳಸಿದರೆ ವಿಂಡೋಗೆ ಬೇಕಾದ ಮೆಟಲ್ ಪದರವನ್ನು ಅದೇ ಸೃಷ್ಟಿಸಿಕೊಡುತ್ತದೆ; ಅಗತ್ಯ ಎಕ್ಸ್‌ಟೆನ್ಶನ್‌ಗಳ ಹೆಸರನ್ನು ಅದರಿಂದಲೇ ಕೇಳಿ ಪಡೆಯಿರಿ, ನೀವೇ ಬರೆಯಲು ಹೋಗಬೇಡಿ. ವಿಂಡೋ ಘಟನೆಗಳನ್ನು ಮುಖ್ಯ ಥ್ರೆಡ್‌ನಲ್ಲಿಯೇ ನಿರ್ವಹಿಸಬೇಕೆಂಬುದು ಮ್ಯಾಕ್‌ನ ಕಟ್ಟುನಿಟ್ಟು.

ಎಚ್ಚರ ಬೇಕಿರುವುದು ಅಳತೆಯಲ್ಲಿ. ಆ್ಯಪಲ್‌ನ ಹೆಚ್ಚು ಪಿಕ್ಸೆಲ್‌ಗಳ ರೆಟಿನಾ ಪರದೆಯ ಮೇಲೆ 1280×720 ಎಂದು ಕೇಳಿ ತೆರೆದ ವಿಂಡೋದ ನಿಜವಾದ ಪಿಕ್ಸೆಲ್‌ಗಳು ಸಾಮಾನ್ಯವಾಗಿ 2560×1440 ಇರುತ್ತವೆ. ಸ್ವಾಪ್‌ಚೈನ್‌ಗೆ, ಅಂದರೆ ತೆರೆಗೆ ಸರದಿಯಂತೆ ಹೋಗುವ ಚಿತ್ರಗಳ ಸಾಲಿಗೆ, ವಿಂಡೋ ಗಾತ್ರವನ್ನು ಕೊಟ್ಟರೆ ಶಿಲ್ಪದ ಕುಸುರಿಯೆಲ್ಲ ಮಸುಕಾಗುತ್ತದೆ. ಫ್ರೇಮ್‌ಬಫರ್ ಗಾತ್ರವನ್ನೇ ಕೇಳಿ ಕೊಡಿ. ಅದು ಸರಿಹೋದ ಮೇಲೆ ಎರಡನೇ ತಪ್ಪು ಹೊರಬರುತ್ತದೆ. ಮೌಸ್‌ನ ಸ್ಥಾನ ಇನ್ನೂ ಹಳೆಯ 1280×720ರ ಲೆಕ್ಕದಲ್ಲಿಯೇ ಬರುವುದರಿಂದ, ನಮ್ಮ ವೀಕ್ಷಕದಲ್ಲಿ ಗೋಡೆಯ ನಡುವಿನ ಮೂರ್ತಿಯ ಮೇಲೆ ಕ್ಲಿಕ್ ಮಾಡಿದರೆ ಅಳತೆಯ ಗುರುತು ಎಡಮೇಲಿನ ಮೂಲೆಯ ಕಡೆಗೆ ಅರ್ಧ ದೂರದಲ್ಲಿ ಹೋಗಿ ಬೀಳುತ್ತದೆ. ಎರಡು ಗಾತ್ರಗಳ ಅನುಪಾತದಿಂದ ಮೌಸ್ ಸ್ಥಾನವನ್ನು ಗುಣಿಸಿಕೊಳ್ಳಿ. ಅನುಪಾತ 2 ಎಂದು ಕೋಡಿನಲ್ಲಿ ಬರೆದುಬಿಡಬೇಡಿ. ಕಾಲೇಜಿನ ಪ್ರೊಜೆಕ್ಟರ್‌ಗೆ ಜೋಡಿಸಿದಾಗ ಅದು 1 ಆಗುತ್ತದೆ, ಸರಿಯಾಗಿ ಪ್ರದರ್ಶನದ ಹೊತ್ತಿಗೆ ಕ್ಲಿಕ್ ತಪ್ಪತೊಡಗುತ್ತದೆ.

ಹಂತ 6: ಶೇಡರ್‌ಗಳು

ಶೇಡರ್ ಎಂದರೆ ಗ್ರಾಫಿಕ್ಸ್ ಚಿಪ್ಪಿನ ಒಳಗೇ ಓಡುವ ಪುಟ್ಟ ಪ್ರೋಗ್ರಾಮು. ನೀವು ಜಿಎಲ್‌ಎಸ್‌ಎಲ್ ಭಾಷೆಯಲ್ಲಿ ಬರೆದದ್ದು ಎಂದಿನಂತೆ ಸ್ಪಿರ್-ವಿ ಎಂಬ ಮಧ್ಯಂತರ ರೂಪಕ್ಕೆ ಇಳಿಯುತ್ತದೆ. ಮೋಲ್ಟನ್‌ವಿಕೆಯು ಸ್ಪಿರ್-ವಿ ಕ್ರಾಸ್ ಎಂಬ ಉಪಕರಣದಿಂದ ಅದನ್ನು ಮೆಟಲ್‌ನ ಶೇಡರ್ ಭಾಷೆಗೆ ತಿರುಗಿಸಿ ಆ್ಯಪಲ್‌ನ ಕಂಪೈಲರ್‌ಗೆ ಕೊಡುತ್ತದೆ. ಇದೆಲ್ಲ ತಾನಾಗಿ ನಡೆಯುವುದರಿಂದ ನೀವು ಶೇಡರ್‌ಗಳನ್ನು ಬೇರೆಯಾಗಿ ಬರೆಯಬೇಕಾಗಿಲ್ಲ.

ಅತಿಬುದ್ಧಿವಂತಿಕೆಯಿಂದ ಆಗುವ ತಪ್ಪೊಂದನ್ನು ಇಲ್ಲಿ ಹೇಳಬೇಕು. ವಲ್ಕನ್‌ನಲ್ಲಿ ವೈ ಅಕ್ಷ ಕೆಳಮುಖ, ಮೆಟಲ್‌ನಲ್ಲಿ ಮೇಲ್ಮುಖ. ಇದನ್ನು ಎಲ್ಲೋ ಓದಿದವರು ಮ್ಯಾಕ್‌ಗಾಗಿ ಪ್ರೊಜೆಕ್ಷನ್ ಮಾತೃಕೆಯಲ್ಲಿ ಚಿಹ್ನೆ ಬದಲಿಸುತ್ತಾರೆ. ಆದರೆ ಅನುವಾದಕವು ಆ ತಿರುವನ್ನು ಮೊದಲೇ ಹಾಕಿರುತ್ತದೆ, ಹೀಗಾಗಿ ಎರಡು ತಿರುವುಗಳು ಸೇರಿ ಚಿತ್ರ ತಲೆಕೆಳಗಾಗುತ್ತದೆ. ಹಳೇಬೀಡಿನ ಗೋಡೆಯಲ್ಲಿ ಎಲ್ಲಕ್ಕಿಂತ ಕೆಳಗಿರಬೇಕಾದ ಆನೆಗಳ ಸಾಲು ನಿಮ್ಮ ಪರದೆಯಲ್ಲಿ ಎಲ್ಲಕ್ಕಿಂತ ಮೇಲೆ ಕಾಲು ಮೇಲೆ ಮಾಡಿಕೊಂಡು ಹೋಗುತ್ತಿದ್ದರೆ ಕಾರಣ ಇದೇ. ಲಿನಕ್ಸ್‌ನಲ್ಲಿ ಸರಿಯಾಗಿದ್ದ ಮಾತೃಕೆಯನ್ನು ಮುಟ್ಟಬೇಡಿ.

ಹಂತ 7: ಮೆಟಲ್‌ನಲ್ಲಿ ಇಲ್ಲದಿರುವುದಕ್ಕೆ ಬದಲಿ

ಹೆಚ್ಚು ಸಮಯ ಹಿಡಿಯುವ ಹಂತ ಇದೇ. ವಲ್ಕನ್‌ಇನ್ಫೋ ವರದಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ನಿಮ್ಮ ಪ್ರೋಗ್ರಾಮು ಕೇಳುವ ಪ್ರತಿಯೊಂದನ್ನೂ ಅದರಲ್ಲಿ ಹುಡುಕಿ.

ಮೊದಲನೆಯದು ಜಾಮೆಟ್ರಿ ಶೇಡರ್. ಒಂದು ಬಿಂದುವನ್ನೋ ತ್ರಿಕೋನವನ್ನೋ ತೆಗೆದುಕೊಂಡು ಚಿಪ್ಪಿನ ಒಳಗೇ ಹೊಸ ಆಕೃತಿಗಳನ್ನು ಹುಟ್ಟಿಸುವ ಈ ಹಂತ ಮೆಟಲ್‌ನಲ್ಲಿ ಇಲ್ಲ, ಮೋಲ್ಟನ್‌ವಿಕೆ ಅದನ್ನು ಒದಗಿಸುವುದೂ ಇಲ್ಲ. ಬಿಂದು ಸಮೂಹದ ವೀಕ್ಷಕಗಳು ಪ್ರತಿ ಬಿಂದುವನ್ನು ಪುಟ್ಟ ಚೌಕವಾಗಿ ಹಿಗ್ಗಿಸಲು ಇದನ್ನೇ ನೆಚ್ಚಿಕೊಂಡಿರುತ್ತವೆ. ಚೌಕವು ಸದಾ ನೋಡುಗನ ಕಡೆ ಮುಖಮಾಡಿದ್ದರೆ ಸಾಕು ಎನ್ನುವುದಾದರೆ ವರ್ಟೆಕ್ಸ್ ಶೇಡರ್‌ನಲ್ಲಿ ಜಿಎಲ್-ಪಾಯಿಂಟ್‌ಸೈಜ್ ಎಂಬ ಚರಕ್ಕೆ ಬೆಲೆ ಕೊಡುವುದರಿಂದಲೇ ಕೆಲಸ ಮುಗಿಯುತ್ತದೆ. ಚೌಕವು ಗೋಡೆಯ ಮೇಲ್ಮೈಗೆ ಅಂಟಿಕೊಂಡಂತೆ ವಾಲಬೇಕಿದ್ದರೆ ಒಂದೇ ಆಕೃತಿಯನ್ನು ಹಲವು ಸಲ ಬಿಡಿಸುವ ಇನ್‌ಸ್ಟನ್ಸಿಂಗ್ ಬಳಸಿ (ಮೂರನೇ ಹಂತದ ಇನ್‌ಸ್ಟನ್ಸ್ ಬೇರೆ): ಪ್ರತಿ ಬಿಂದುವೂ ಒಂದು ಇನ್‌ಸ್ಟನ್ಸ್, ಒಂದೊಂದಕ್ಕೂ ನಾಲ್ಕು ಶೃಂಗಗಳು, ಎಷ್ಟನೇ ಶೃಂಗ ಎಂಬ ಸಂಖ್ಯೆಯಿಂದ ಯಾವ ಮೂಲೆ ಎಂಬುದನ್ನು ಶೇಡರ್ ತಾನೇ ಲೆಕ್ಕ ಹಾಕುತ್ತದೆ. ನನ್ನ ಅನುಭವದಲ್ಲಿ ಈ ಬದಲಾವಣೆಯನ್ನು ಲಿನಕ್ಸ್ ಆವೃತ್ತಿಗೂ ಅನ್ವಯಿಸಿ ಜಾಮೆಟ್ರಿ ಶೇಡರನ್ನು ಪೂರ್ತಿ ತೆಗೆದುಹಾಕುವುದೇ ಲೇಸು. ಎರಡು ದಾರಿಗಳನ್ನು ಸಾಕುವುದು ಇಬ್ಬರ ತಂಡಕ್ಕೆ ಹೊರೆ.

ಎರಡನೆಯದು ಶೃಂಗಗಳ ಸ್ಟ್ರೈಡ್, ಅಂದರೆ ಬಫರಿನಲ್ಲಿ ಒಂದು ಬಿಂದುವಿನ ಆರಂಭದಿಂದ ಮುಂದಿನ ಬಿಂದುವಿನ ಆರಂಭಕ್ಕೆ ಎಷ್ಟು ಬೈಟ್ ಎಂಬ ಅಳತೆ. ಬಿಂದು ಸಮೂಹವನ್ನು ಉಳಿಸುವ ಪಿಎಲ್‌ವೈ ಕಡತದಲ್ಲಿ ಸಾಮಾನ್ಯವಾಗಿ ಸ್ಥಾನಕ್ಕೆ ನಾಲ್ಕು ಬೈಟ್‌ಗಳ ಮೂರು ಸಂಖ್ಯೆಗಳು, ಬಣ್ಣಕ್ಕೆ ಒಂದೊಂದು ಬೈಟಿನ ಮೂರು ಸಂಖ್ಯೆಗಳು ಇರುತ್ತವೆ: 12 ಮತ್ತು 3, ಒಟ್ಟು 15. ಹಲವು ಡೆಸ್ಕ್‌ಟಾಪ್ ಡ್ರೈವರ್‌ಗಳು 15ಕ್ಕೆ ತಕರಾರು ಮಾಡುವುದಿಲ್ಲ. ಮೆಟಲ್‌ಗೆ ಸ್ಟ್ರೈಡ್ 4ರ ಗುಣಕವಾಗಿರಬೇಕು. ಪೋರ್ಟಬಿಲಿಟಿ-ಸಬ್‌ಸೆಟ್‌ನ ಪ್ರಾಪರ್ಟೀಸ್ ರಚನೆಯಲ್ಲಿ ಈ ಕನಿಷ್ಠ ಸಂಖ್ಯೆಯನ್ನು ಕೇಳಬಹುದು. ಕಡತ ಓದುವಾಗಲೇ ಬಣ್ಣಕ್ಕೆ ನಾಲ್ಕನೆಯದಾಗಿ 255 ಎಂಬ ಒಂದು ಬೈಟ್ ಸೇರಿಸಿ 16 ಮಾಡಿಕೊಳ್ಳಿ, ಬಣ್ಣದ ಫಾರ್ಮ್ಯಾಟನ್ನು ಆರ್‌ಜಿಬಿಯಿಂದ ಆರ್‌ಜಿಬಿಎಗೆ ಬದಲಿಸಿ. ಹತ್ತು ಲಕ್ಷ ಬಿಂದುಗಳಿಗೆ ಹೆಚ್ಚುವರಿ ಬೀಳುವುದು ಸುಮಾರು ಒಂದು ಮೆಗಾಬೈಟ್ ಮಾತ್ರ. ಇಲ್ಲಿ ಎಡವುವವರು ಸ್ಟ್ರೈಡನ್ನು 16 ಎಂದು ಬರೆದು ದತ್ತಾಂಶವನ್ನು 15ರಲ್ಲಿಯೇ ಬಿಡುತ್ತಾರೆ. ಆಗ ದೋಷವೇನೂ ಬರುವುದಿಲ್ಲ, ದೇವಾಲಯದ ಬದಲು ಬಣ್ಣಬಣ್ಣದ ಮಂಜು ಕಾಣುತ್ತದೆ.

ಮೂರನೆಯದು ಆಳದ ಬಫರ್. 24 ಬಿಟ್ ಆಳ ಮತ್ತು 8 ಬಿಟ್ ಸ್ಟೆನ್ಸಿಲ್ ಜೊತೆಗೂಡಿದ ಫಾರ್ಮ್ಯಾಟ್ ಆ್ಯಪಲ್ ಚಿಪ್‌ಗಳಲ್ಲಿ ಸಿಗುವುದಿಲ್ಲ, ಕೆಲವು ಇಂಟೆಲ್ ಮ್ಯಾಕ್‌ಗಳಲ್ಲಿ ಸಿಗುತ್ತದೆ. ಇದು ಮತ್ತು 32 ಬಿಟ್ ಆಳದ ಜೋಡಿ, ಈ ಎರಡರಲ್ಲಿ ಒಂದಾದರೂ ಇರುತ್ತದೆ ಎಂದು ನಿಯಮಾವಳಿ ಖಾತರಿ ಕೊಟ್ಟಿರುವುದರಿಂದ, ಮೊದಲನೆಯದು ಇಲ್ಲದಿದ್ದರೆ ಎರಡನೆಯದನ್ನು ಆಯ್ದುಕೊಳ್ಳುವ ನಾಲ್ಕು ಸಾಲಿನ ಫಂಕ್ಷನ್ ಬರೆದಿಟ್ಟುಕೊಳ್ಳಿ.

ದಪ್ಪ ರೇಖೆಗಳು ಇಲ್ಲ, 1.0ರ ದಪ್ಪವೊಂದೇ, ಅಳತೆಯ ಗೆರೆಯನ್ನು ಎರಡು ತ್ರಿಕೋನಗಳ ಸಪೂರ ಆಯತವಾಗಿ ಬಿಡಿಸಿ. ಮೂರು ಬೈಟಿನ ಆರ್‌ಜಿಬಿ ಟೆಕ್ಸ್‌ಚರ್ ಇಲ್ಲ, ನಾಲ್ಕಕ್ಕೆ ಏರಿಸಿ. ಬಣ್ಣ ಬೆರೆಸುವ ಬದಲು ಬಿಟ್‌ಗಳ ಮೇಲೆ ತಾರ್ಕಿಕ ಕ್ರಿಯೆ ನಡೆಸುವ ಲಾಜಿಕ್-ಆಪ್ ಇಲ್ಲ. ನಿಮ್ಮಲ್ಲಿ ಯಾರೂ ಅದನ್ನು ಬಳಸುತ್ತಿರಲಾರಿರಿ. ಮೇಲ್ಮೈಯನ್ನು ಸಣ್ಣ ತ್ರಿಕೋನಗಳಾಗಿ ಒಡೆಯುವ ಟೆಸಲೇಶನ್ ಇದೆ, ಆದರೆ ಅದನ್ನು ಕಂಪ್ಯೂಟ್ ಶೇಡರ್‌ಗಳ ಮೂಲಕ ಸುತ್ತುದಾರಿಯಲ್ಲಿ ಒದಗಿಸುವುದರಿಂದ ಇತರ ಕಡೆಯ ವೇಗ ಸಿಗುವುದಿಲ್ಲ.

ತದ್ವಿರುದ್ಧದ ಮೋಸವೂ ಒಂದಿದೆ. ಕೆಲವು ಮಿತಿಗಳು ಮ್ಯಾಕ್‌ನಲ್ಲಿಯೇ ಉದಾರವಾಗಿವೆ. ಶೇಡರ್‌ಗೆ ಸಣ್ಣ ದತ್ತಾಂಶ ತಲುಪಿಸುವ ಪುಶ್ ಕಾನ್‌ಸ್ಟಂಟ್‌ಗೆ ಮೋಲ್ಟನ್‌ವಿಕೆ 4096 ಬೈಟ್ ಕೊಡುತ್ತದೆ, ವಲ್ಕನ್ 1.3ರವರೆಗಿನ ನಿಯಮಾವಳಿ ಭರವಸೆ ಕೊಡುವುದು 128ಕ್ಕೆ ಮಾತ್ರ. ಮ್ಯಾಕ್‌ನಲ್ಲಿ ಸರಿಯಾಯಿತೆಂದು ಅಲ್ಲಿ ಮಾತೃಕೆಗಳನ್ನು ಸುರಿದರೆ ವಾಪಸ್ ಲ್ಯಾಬಿಗೆ ಹೋದಾಗ ಪ್ರೋಗ್ರಾಮು ಅಲ್ಲಿ ನಿಲ್ಲುತ್ತದೆ.

ಹಂತ 8: ವೇಗ

ಮೊದಲ ಸಲ ಓಡುವಾಗ ಪ್ರೋಗ್ರಾಮು ತಡವರಿಸಿದರೆ ಗಾಬರಿಯಾಗಬೇಡಿ; ಪ್ರತಿ ಪೈಪ್‌ಲೈನ್‌ಗೂ ಶೇಡರ್ ಅನುವಾದವಾಗಿ ಆಮೇಲೆ ಕಂಪೈಲ್ ಆಗಬೇಕಾಗುತ್ತದೆ. ವಲ್ಕನ್‌ನ ಪೈಪ್‌ಲೈನ್ ಕ್ಯಾಶ್ ಅನ್ನು ಡಿಸ್ಕಿಗೆ ಬರೆದಿಟ್ಟು ಮುಂದಿನ ಸಲ ಓದಿಸಿದರೆ ಅನುವಾದದ ಹೊತ್ತು ಉಳಿಯುತ್ತದೆ. ಪೈಪ್‌ಲೈನ್‌ಗಳನ್ನು ಆಟದ ನಡುವೆಯಲ್ಲ, ಆರಂಭದಲ್ಲಿಯೇ ರಚಿಸಿ.

ಆ್ಯಪಲ್ ಚಿಪ್‌ಗಳು ಚಿತ್ರವನ್ನು ಸಣ್ಣ ಸಣ್ಣ ಹಾಸುಗಳಾಗಿ ಒಡೆದು ಒಂದೊಂದನ್ನೂ ಚಿಪ್ಪಿನ ಒಳಗಿನ ಸ್ಮರಣೆಯಲ್ಲಿಯೇ ಮುಗಿಸುತ್ತವೆ. ಆದ್ದರಿಂದ ರೆಂಡರ್ ಪಾಸ್‌ನ ಕೊನೆಯಲ್ಲಿ ಆಳದ ಬಫರ್ ನಿಮಗೆ ಬೇಡವಾಗಿದ್ದರೆ ಸ್ಟೋರ್-ಆಪ್‌ನಲ್ಲಿ "ಚಿಂತೆಯಿಲ್ಲ" ಎಂಬರ್ಥದ ಡೋಂಟ್-ಕೇರ್ ಬೆಲೆಯನ್ನು ಕೊಡಿ. ಇಲ್ಲದಿದ್ದರೆ ಯಾರೂ ಓದದ ದತ್ತಾಂಶವನ್ನು ಪ್ರತಿ ಫ್ರೇಮಿನಲ್ಲಿಯೂ ಹೊರಗಿನ ಸ್ಮರಣೆಗೆ ಹೊತ್ತುಹಾಕಲಾಗುತ್ತದೆ. ದೊಡ್ಡ ಡೆಸ್ಕ್‌ಟಾಪ್ ಕಾರ್ಡ್‌ಗಳಲ್ಲಿ ಅಷ್ಟಾಗಿ ತೋರದ ಈ ಒಂದು ಪದ ಮ್ಯಾಕ್‌ಬುಕ್‌ನಲ್ಲಿ ಬ್ಯಾಟರಿಯ ಬಾಳಿಕೆಯಲ್ಲಿಯೇ ಕಾಣಬಹುದು.

ಹಂತ 9: ತಪ್ಪು ಹುಡುಕುವುದು

ಅಭ್ಯಾಸದ ಉದ್ದಕ್ಕೂ ಪರಿಶೀಲನಾ ಪದರವನ್ನು ಚಾಲನೆಯಲ್ಲಿಡಿ. ಫ್ರೇಮಿನೊಳಗಿನ ದೋಷ ಹುಡುಕಲು ಇತರ ಕಡೆ ಬಳಸುವ ರೆಂಡರ್‌ಡಾಕ್‌ಗೆ ಅಧಿಕೃತ ಮ್ಯಾಕ್ ಆವೃತ್ತಿ ಇಲ್ಲದಿರುವುದರಿಂದ ಎಕ್ಸ್‌ಕೋಡ್‌ನ ಫ್ರೇಮ್ ಕ್ಯಾಪ್ಚರ್ ಬಳಸಬೇಕು. ಅಲ್ಲಿ ನಿಮಗೆ ಕಾಣುವುದು ವಲ್ಕನ್ ಹೆಸರುಗಳಲ್ಲ, ಅನುವಾದಗೊಂಡ ಮೆಟಲ್ ಕರೆಗಳು. ಮೊದಲಿಗೆ ಅಪರಿಚಿತವೆನಿಸಿದರೂ ವಸ್ತುಗಳಿಗೆ ವಲ್ಕನ್‌ನ ಡೀಬಗ್ ಎಕ್ಸ್‌ಟೆನ್ಶನ್‌ನಿಂದ ಹೆಸರಿಟ್ಟಿದ್ದರೆ ಅವು ಅಲ್ಲಿಯೂ ಗುರುತು ಸಿಗುತ್ತವೆ. ಎಂವಿಕೆ-ಕಾನ್‌ಫಿಗ್-ಡೀಬಗ್ ಎಂಬ ಪರಿಸರ ಚರವನ್ನು 1 ಮಾಡಿದರೆ ಪ್ರತಿ ಶೇಡರ್‌ನ ಅನುವಾದವನ್ನು ಮೋಲ್ಟನ್‌ವಿಕೆ ಲಾಗ್‌ಗೆ ಬರೆಯುತ್ತದೆ.

ಹಂತ 10: ಒಂದೇ ಆ್ಯಪ್ ಆಗಿ ಕಟ್ಟುವುದು

ಮ್ಯಾಕ್‌ನ ಆ್ಯಪ್ ಎಂಬುದು ನಿಜದಲ್ಲಿ ಒಂದು ಫೋಲ್ಡರು. ಅದರ ಒಳಗಿನ ಕಂಟೆಂಟ್ಸ್ ಫೋಲ್ಡರಿನಲ್ಲಿ ಫ್ರೇಮ್‌ವರ್ಕ್ಸ್ ಎಂಬ ಫೋಲ್ಡರ್ ಮಾಡಿ ಲೋಡರ್ ಮತ್ತು ಮೋಲ್ಟನ್‌ವಿಕೆ ಲೈಬ್ರರಿಗಳನ್ನು ಇಡಿ. ರಿಸೋರ್ಸಸ್ ಫೋಲ್ಡರಿನೊಳಗೆ ವಲ್ಕನ್, ಅದರೊಳಗೆ ಐಸಿಡಿ-ಡಿ ಎಂಬ ಫೋಲ್ಡರ್‌ಗಳನ್ನು ಮಾಡಿ ಮೋಲ್ಟನ್‌ವಿಕೆಯ ಜೇಸನ್ ಕಡತವನ್ನು ಇಡಿ; ಲೋಡರ್ ಅಲ್ಲಿಗೆ ಬಂದು ಹುಡುಕುತ್ತದೆ. ಜೇಸನ್ ಕಡತದಲ್ಲಿರುವ ಲೈಬ್ರರಿಯ ದಾರಿಯನ್ನು ಮೂರು ಫೋಲ್ಡರ್ ಮೇಲಕ್ಕೆ ಹತ್ತಿ ಫ್ರೇಮ್‌ವರ್ಕ್ಸ್‌ಗೆ ಇಳಿಯುವಂತೆ ತಿದ್ದಬೇಕು. ನಿಮ್ಮ ಪ್ರೋಗ್ರಾಮಿನ ಆರ್‌ಪಾತ್, ಅಂದರೆ ಲೈಬ್ರರಿ ಹುಡುಕುವ ದಾರಿ, ಫ್ರೇಮ್‌ವರ್ಕ್ಸ್ ಕಡೆಗೆ ತೋರಿಸುವಂತೆ ಇನ್‌ಸ್ಟಾಲ್-ನೇಮ್-ಟೂಲ್‌ನಿಂದ ಹೊಂದಿಸಿ, ಬಳಿಕ ಪ್ರೋಗ್ರಾಮು ಕೇಳುವ ಲೈಬ್ರರಿಗಳ ಪಟ್ಟಿಯನ್ನು ಓಟೂಲ್ ಆದೇಶದಿಂದ ನೋಡಿ. ಪಟ್ಟಿಯಲ್ಲಿ ನಿಮ್ಮ ಹೋಮ್ ಫೋಲ್ಡರಿನ ಹೆಸರಾಗಲಿ ಹೋಮ್‌ಬ್ರೂ ಹೆಸರಾಗಲಿ ಉಳಿದಿರಬಾರದು.

ಎಸ್‌ಡಿಕೆಯಲ್ಲಿ ಲಿಬ್‌ವಲ್ಕನ್.1 ಎಂದು ಕಾಣುವುದು ಕಡತವಲ್ಲ, ಪೂರ್ಣ ಆವೃತ್ತಿ ಸಂಖ್ಯೆಯಿರುವ ಇನ್ನೊಂದು ಕಡತದ ಕಡೆಗೆ ಕೈತೋರುವ ಸಾಂಕೇತಿಕ ಕೊಂಡಿ. ಕೊಂಡಿಯನ್ನಷ್ಟೇ ನಕಲಿಸಿದರೆ ಆ್ಯಪ್‌ನಲ್ಲಿ ಏನೂ ಇರುವುದಿಲ್ಲ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾದ ಎಕ್ಸ್‌ಫ್ಯಾಟ್ ವಿನ್ಯಾಸದಲ್ಲಂತೂ ಇಂಥ ಕೊಂಡಿಗಳು ಉಳಿಯದೇ ಹೋಗಬಹುದು. ನಿಜವಾದ ಕಡತವನ್ನೇ ನಕಲಿಸಿ ಅದಕ್ಕೆ ಲಿಬ್‌ವಲ್ಕನ್.1 ಎಂಬ ಹೆಸರಿಡಿ.

ಅಪಾಚೆ ಪರವಾನಗಿಯ ಪ್ರತಿಯನ್ನೂ ಆ್ಯಪ್‌ನೊಳಗೆ ಸೇರಿಸಿ. ಸಿಮೇಕ್‌ನಲ್ಲಿ ಎರಡೂ ಚಿಪ್‌ಗಳ ಹೆಸರು ಮತ್ತು ಕನಿಷ್ಠ ಮ್ಯಾಕ್ ಓಎಸ್ ಆವೃತ್ತಿಯನ್ನು ನಮೂದಿಸಲು ಮರೆತರೆ ನಿಮ್ಮ ಯಂತ್ರದಂಥದ್ದರಲ್ಲಿ ಮಾತ್ರ ಆ್ಯಪ್ ತೆರೆಯುತ್ತದೆ.

ಹಂತ 11: ಸಹಿ ಮತ್ತು ಹಂಚಿಕೆ

ಆ್ಯಪಲ್ ಚಿಪ್ಪಿನ ಮ್ಯಾಕ್‌ಗಳಲ್ಲಿ ಡಿಜಿಟಲ್ ಸಹಿ ಇಲ್ಲದ ಯಾವ ಸ್ಥಳೀಯ ಪ್ರೋಗ್ರಾಮೂ ಓಡುವುದಿಲ್ಲ. ಕಂಪೈಲ್ ಆಗುವಾಗ ತಾತ್ಕಾಲಿಕ ಸಹಿಯೊಂದು ತಾನಾಗಿ ಬೀಳುತ್ತದೆ, ಆದರೆ ಆರ್‌ಪಾತ್ ಬದಲಿಸಿದೊಡನೆ ಅದು ಅಮಾನ್ಯವಾಗಬಹುದು. ಆದ್ದರಿಂದ ಸಹಿ ಯಾವಾಗಲೂ ಕಟ್ಟಕಡೆಯ ಕೆಲಸವಾಗಿರಲಿ: ಮೊದಲು ಒಳಗಿನ ಲೈಬ್ರರಿಗಳಿಗೆ, ಆಮೇಲೆ ಇಡೀ ಆ್ಯಪ್‌ಗೆ.

ಸಾರ್ವಜನಿಕವಾಗಿ ಹಂಚುವುದಾದರೆ ಆ್ಯಪಲ್‌ನ ಡೆವಲಪರ್ ಸದಸ್ಯತ್ವ ಬೇಕು, ವರ್ಷಕ್ಕೆ 99 ಡಾಲರ್. ಅದಾದ ಮೇಲೆ ಆ್ಯಪ್ ಅನ್ನು ಆ್ಯಪಲ್‌ಗೆ ಕಳುಹಿಸಿ ನೋಟರೈಸ್ ಮಾಡಿಸಬೇಕು, ಅಂದರೆ ಅವರಿಂದ ಪರಿಶೀಲಿಸಿ ದೃಢೀಕರಿಸಿಕೊಳ್ಳಬೇಕು. ಪ್ರಾಜೆಕ್ಟ್ ಒಪ್ಪಿಸುವ ವಿದ್ಯಾರ್ಥಿಗಳಿಗೆ ಇದು ದುಬಾರಿ, ಅಗತ್ಯವೂ ಇಲ್ಲ. ಬ್ರೌಸರ್‌ನಿಂದ ಇಳಿಸಿದ ಕಡತಕ್ಕೆ ಮ್ಯಾಕ್ ಓಎಸ್ ಕ್ವಾರಂಟೈನ್ ಎಂಬ ಗುರುತು ಹಾಕುವುದರಿಂದ ಪೆನ್‌ಡ್ರೈವ್‌ನಲ್ಲಿ ಕೊಟ್ಟಾಗ ತೆರೆದ ಆ್ಯಪ್ ಡೌನ್‌ಲೋಡ್ ಮಾಡಿದಾಗ ತೆರೆಯದೇ ಹೋಗಬಹುದು. 2024ರ ಸೆಕೋಯಾ ಆವೃತ್ತಿಯಿಂದ ಕಂಟ್ರೋಲ್ ಒತ್ತಿ ಕ್ಲಿಕ್ ಮಾಡುವ ಹಳೆಯ ಉಪಾಯ ನಡೆಯುವುದಿಲ್ಲ. ಸಿಸ್ಟಂ ಸೆಟ್ಟಿಂಗ್ಸ್‌ನ ಪ್ರೈವಸಿ ಮತ್ತು ಸೆಕ್ಯುರಿಟಿ ಪುಟಕ್ಕೆ ಹೋಗಿ "ಆದರೂ ತೆರೆ" ಎಂಬರ್ಥದ ಬಟನ್ ಒತ್ತಬೇಕು. ಪರೀಕ್ಷಕರಿಗೆ ಕೊಡುವ ವರದಿಯಲ್ಲಿ ಈ ಸೂಚನೆಯನ್ನು ಚಿತ್ರಸಹಿತ ಸೇರಿಸಿ.

ಒಪ್ಪಿಸುವ ಮೊದಲು ಎಸ್‌ಡಿಕೆಯನ್ನೇ ಸ್ಥಾಪಿಸಿರದ ಒಂದು ಮ್ಯಾಕ್‌ನಲ್ಲಿ ಓಡಿಸಿ ನೋಡಿ. ಅಂಥದ್ದು ಸಿಗದಿದ್ದರೆ ನಿಮ್ಮದರಲ್ಲಿಯೇ ಎಸ್‌ಡಿಕೆ ಫೋಲ್ಡರಿನ ಹೆಸರನ್ನು ತಾತ್ಕಾಲಿಕವಾಗಿ ಬದಲಿಸಿ, ಹೊಸ ಟರ್ಮಿನಲ್ ತೆರೆದು ಅಲ್ಲಿಂದ ಓಡಿಸಿ. ಆಗಲೂ ಸಿಕ್ಕಿಹಾಕಿಕೊಂಡು ನನಗೆ ಬರೆಯುವುದಾದರೆ ಪರದೆಯ ಫೋಟೊ ಬೇಡ. ವಿಕೆಕ್ಯೂಬ್ ಓಡಿತೇ ಇಲ್ಲವೇ ಎಂಬ ಒಂದು ಸಾಲು, ವಲ್ಕನ್‌ಇನ್ಫೋ ವರದಿ, ಪರಿಶೀಲನಾ ಪದರದ ಮೊದಲ ಹತ್ತು ಸಾಲು, ಓಟೂಲ್‌ನ ಪಟ್ಟಿ, ಇಷ್ಟನ್ನು ಪಠ್ಯವಾಗಿಯೇ ಕಳುಹಿಸಿ.